ಹಳ್ಳಿ ಮನೆಗಳಲ್ಲಿ ಬಿತ್ತನೆ ಬೀಜದ ಉಸ್ತುವಾರಿ ಹೆಂಗಸರದ್ದೇ ಏಕಾಗಿತ್ತು? ಬೀಜವನ್ನು ಹೇಗೆ ಕಾಪಾಡುತ್ತಿದ್ದರು?

ಪಹಣಿ ಗಂಡಸರ ಹೆಸರಿನಲ್ಲಿದ್ದರೂ ಕಾಳು ಒಣಗಿಸುವುದು, ಕೇರುವುದು, ಆರಿಸುವುದು ಹೆಂಗಸರ ಕೆಲಸವಾಗಿತ್ತು. ಬೀಜಕ್ಕೆ ಬೆರೆಸುವ ಒಲೆಯ ಬೂದಿ ಇದ್ದದ್ದೂ ಅವರ ಕೈಯಲ್ಲೇ. ಹಾಗಾಗಿ ಬೀಜದ ಗುಡಾಣ (ದೊಡ್ಡ ಮಣ್ಣಿನ ಮಡಕೆ) ಸಾಮಾನ್ಯವಾಗಿ ಅತ್ತೆಯ ಸುಪರ್ದಿಯಲ್ಲಿರುತ್ತಿತ್ತು, ಸೊಸೆ ನೋಡಿ ಕಲಿಯುತ್ತಿದ್ದಳು.

ರಾಗಿಯದು ಸುಲಭ. ಕಾಳು ಸಣ್ಣದು, ಹುಳ ಬೀಳುವುದು ಕಡಿಮೆ. ಕಷ್ಟವೆಲ್ಲ ಅವರೆ, ಅಲಸಂದೆ, ಹೆಸರುಕಾಳಿನದು. ಹೊಲದಲ್ಲೇ ಕಾಯಿಯ ಮೇಲೆ ಹುಳ ಮೊಟ್ಟೆ ಇಟ್ಟಿರುತ್ತದೆ. ಮನೆಗೆ ತಂದ ಕಾಳು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ತಿಂಗಳಲ್ಲಿ ತೂತು ಬೀಳುವುದು ಅದಕ್ಕೇ.

ಮೂರ್ನಾಲ್ಕು ದಿನ ಬಿಸಿಲಿಗೆ ಹಾಕಿ, ಹಲ್ಲಿನಲ್ಲಿ ಕಚ್ಚಿ ನೋಡಬೇಕು. 'ಕಟ್' ಎಂದು ಮುರಿದರೆ ಒಣಗಿದೆ, ಹಲ್ಲಿನ ಗುರುತು ಬಿದ್ದರೆ ಹಸಿ ಇದೆ. ಬಿಸಿ ಇರುವಾಗಲೇ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ, ರಾತ್ರಿಯಿಡೀ ಆರಬೇಕು. ಆಮೇಲೆ ಜರಡಿ ಹಿಡಿದ ಬೂದಿ ಬೆರೆಸಿ, ಮೇಲೂ ಒಂದು ಪದರ ಬೂದಿ ಹರಡಿ, ಗುಡಾಣದ ಬಾಯಿಯನ್ನು ಸಗಣಿ-ಮಣ್ಣಿನಿಂದ ಮೆತ್ತುತ್ತಾರೆ. ಬೂದಿ ಕಾಳಿನ ಸಂದು ತುಂಬಿ ಹುಳದ ಓಡಾಟ ತಡೆಯುತ್ತದೆ, ಅದರ ಮೈಯ ತೇವ ಹೀರುತ್ತದೆ. ಚಿಟಿಕೆ ಬೂದಿ ಉದುರಿಸಿ 'ಹಳೇ ಪದ್ಧತಿ ಕೆಲಸ ಮಾಡಲ್ಲ' ಅನ್ನುವವರೇ ಹೆಚ್ಚು!

ತೊಗರಿಗೆ ಕೆಮ್ಮಣ್ಣಿನ ರಾಡಿ ಲೇಪಿಸಿ ಮತ್ತೆ ಒಣಗಿಸುವುದುಂಟು. ತಿನ್ನುವ ಕಾಳಾದರೆ ಕಿಲೋಗೆ ಒಂದು ಟೀ ಚಮಚ ಹರಳೆಣ್ಣೆ ಸವರಿದರೂ ಸಾಕು. ಸೋರೆ, ಹೀರೆ ಬೀಜಗಳನ್ನು ಸಗಣಿಯಲ್ಲಿ ಹುದುಗಿಸಿ ಗೋಡೆಗೆ ತಟ್ಟುತ್ತಿದ್ದರು.