ಕ್ಯೂ, ಜೆಡ್ ಥರದ ಅಕ್ಷರ ಇರುವ ಇಂಗ್ಲಿಷ್ ಪದಗಳನ್ನು ಬೇಗ ಹುಡುಕುವುದು ಹೇಗೆ? ಯಾವ ಆಪ್ ಒಳ್ಳೆಯದು?

ನಿಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ, ಅದಕ್ಕೇ ಅಕ್ಷರದ ಬಿಲ್ಲೆಗಳನ್ನು ಬೋರ್ಡ್ ಮೇಲೆ ಜೋಡಿಸಿ ಪದ ಮಾಡುವ ಸ್ಕ್ರ್ಯಾಬಲ್‌ನಲ್ಲಿ ಸೋಲುತ್ತಿದ್ದೀರಿ, ಉದ್ದುದ್ದ ಪದಗಳ ಪಟ್ಟಿ ಕೊಡುವ ಆಪ್ ಬೇಕು ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಇದೇ ದಾರಿಯಲ್ಲಿ ಹೋದವನು. ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋಗಿ, ಎರಡೇ ಅಕ್ಷರದ ಒಂದು ಪದ ಗೊತ್ತಿಲ್ಲದೆ ಸೋತೆ.

ನಾನು ಬಳಸುತ್ತಿದ್ದದ್ದು ಪದ ಹುಡುಕಿ ಕೊಡುವ ಒಂದು ಸಾಮಾನ್ಯ ತಾಣ. ಅಕ್ಷರ ಕೊಟ್ಟರೆ ಪದಗಳ ಸಾಲು ಬರುತ್ತದೆ. ಅದರಲ್ಲಿ ನಾನೇ ಕೈಯಾರೆ ಎರಡು ಆಯ್ಕೆ ಮಾಡಿಟ್ಟಿದ್ದೆ. ಒಂದು, "ಈ ಅಕ್ಷರದಿಂದ ಶುರುವಾಗುವ ಪದಗಳು". ಎರಡು, "ಕನಿಷ್ಠ ಐದು ಅಕ್ಷರ". ಚಿಕ್ಕ ಪದ ಯಾರಿಗೆ ಗೊತ್ತಿಲ್ಲ, ಅದಕ್ಕೆ ಅಂಕವಾದರೂ ಎಷ್ಟು ಬಂದೀತು ಅನ್ನುವ ಜಂಬ. ಉದ್ದದ ಪದ ಮೇಲೆ, ಚಿಕ್ಕದು ಕೆಳಗೆ ಬರುತ್ತಿತ್ತು. ಮೇಲಿನಿಂದ ಉರು ಹೊಡೆದೆ. ಕ್ವಿಕ್ಸಾಟಿಕ್, ಕ್ವಾಗ್‌ಮೈರ್, ಕ್ವಿಜಿಕಲ್. ಎಲ್ಲದರಲ್ಲೂ ಕ್ಯೂ ಹಿಂದೆಯೇ ಯು ಇತ್ತು. ಅದು ಆಗ ಕಣ್ಣಿಗೆ ಬೀಳಲೇ ಇಲ್ಲ.

ಆಮೇಲೆ ಒಂದು ಪಂದ್ಯ. ಎದುರಿಗೆ ನಮ್ಮ ಆಟದ ಗುಂಪಿನ ಹಿರಿಯರೊಬ್ಬರು. ಅರ್ಧ ಆಟ ಮುಗಿಯುವಾಗ ಚೀಲದಿಂದ ಕ್ಯೂ ಬಂತು. ಹತ್ತು ಅಂಕದ ಬಿಲ್ಲೆ. ಪದಗಳು ನಾಲಿಗೆ ತುದಿಯಲ್ಲೇ ಇವೆ, ಒಂದು ಯು ಬಂದರೆ ಸಾಕು ಅಂತ ಕಾದು ಕೂತೆ. ಬರಲಿಲ್ಲ. ಮತ್ತೆ ಕಾದೆ. ಕೊನೆಗೆ ಕೈಯಲ್ಲಿ ಕ್ಯೂ ಒಂದೇ ಉಳಿಯಿತು. ಅವರು ತಮ್ಮ ಕೊನೆಯ ಬಿಲ್ಲೆ ಇಟ್ಟು ಆಟ ಮುಗಿಸಿದರು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲೇಬೇಕು, ತಪ್ಪು ಎಲ್ಲಿ ಅಂತ ನನಗೆ ಸರಿಯಾಗಿ ಅರ್ಥವಾಗಿದ್ದೇ ಈ ಲೆಕ್ಕದಿಂದ. ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಒಟ್ಟು 100 ಬಿಲ್ಲೆ. ಅದರಲ್ಲಿ ಯು ಇರುವುದು 4. ಐ ಇರುವುದು 9. ನಾಲ್ಕರಲ್ಲಿ ಮೂರು ಯು ಆಗಲೇ ಬೋರ್ಡ್ ಮೇಲೆ ಕೂತಿದ್ದವು, ಕಣ್ಣೆದುರೇ. ಅಂದರೆ ನಾನು ಕಾಯುತ್ತಿದ್ದದ್ದು ಉಳಿದ ಒಂದೇ ಒಂದಕ್ಕೆ, ಅದೂ ಅವರ ಕೈಯಲ್ಲಿತ್ತು. ಅಷ್ಟೇ ಅಲ್ಲ. ಕ್ಯೂ ಹಿಡಿದು ಕೂತಷ್ಟು ಹೊತ್ತೂ ಏಳು ಬಿಲ್ಲೆಯ ಬದಲು ಆರರಲ್ಲೇ ಆಡಿದೆ. ಏಳೂ ಬಿಲ್ಲೆ ಒಟ್ಟಿಗೆ ಇಳಿಸಿದರೆ ಸಿಗುವ 50 ಅಂಕದ ಬೋನಸ್ಸಿನ ಆಸೆ ಅಲ್ಲಿಗೆ ಮುಗಿದ ಹಾಗೇ. ಇದರ ಮೇಲೆ ಕೊನೆಯ ಪೆಟ್ಟು: ಆಟ ಮುಗಿದಾಗ ಕೈಯಲ್ಲಿ ಉಳಿದ ಬಿಲ್ಲೆಯ ಅಂಕ ನಮಗೆ ಕಳೆಯುತ್ತದೆ, ಮೊದಲು ಮುಗಿಸಿದವರಿಗೆ ಅದೇ ಅಂಕ ಸೇರುತ್ತದೆ. ನನಗೆ ಹತ್ತು ಹೋಯಿತು, ಅವರಿಗೆ ಹತ್ತು ಬಂತು. ಇಪ್ಪತ್ತರ ವ್ಯತ್ಯಾಸ. ಸೋತದ್ದು 14 ಅಂಕದಿಂದ.

ಅವರು ಏನೂ ಬುದ್ಧಿ ಹೇಳಲಿಲ್ಲ. ನನ್ನ ಕ್ಯೂ ಬಿಲ್ಲೆ ಎತ್ತಿಕೊಂಡು ಬೋರ್ಡ್ ಮೇಲಿದ್ದ ಒಂದು ಐ ಪಕ್ಕ ಇಟ್ಟರು. "ಇಲ್ಲಿ ಹೋಗ್ತಿತ್ತು." ಎತ್ತಿ ಇನ್ನೊಂದು ಐ ಪಕ್ಕ ಇಟ್ಟರು. "ಇಲ್ಲೂ ಹೋಗ್ತಿತ್ತು." ಎರಡನೆಯದು ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆ. ಅಲ್ಲಿ ಇಟ್ಟಿದ್ದರೆ 31 ಅಂಕ. ಕ್ಯೂ, ಐ, ಎರಡೇ ಅಕ್ಷರ. ಉತ್ತರ ಅಮೆರಿಕದ ಹೊರಗಿನ ಪಂದ್ಯಗಳಲ್ಲಿ ಹೆಚ್ಚಾಗಿ ಬಳಸುವ ಕಾಲಿನ್ಸ್ ಪದಪಟ್ಟಿಯಲ್ಲೂ ಇದೆ, ಉತ್ತರ ಅಮೆರಿಕದ ಪಟ್ಟಿಗೂ 2006ರಲ್ಲೇ ಸೇರಿದೆ. ನನ್ನ ತಾಣದಲ್ಲೂ ಇತ್ತು ಅನ್ನಿ. "ಕನಿಷ್ಠ ಐದು ಅಕ್ಷರ" ಅಂತ ಹಾಕಿ ನಾನೇ ಅದನ್ನು ಮರೆಮಾಡಿಕೊಂಡಿದ್ದೆ. ಆ ಕಾದ ಹೊತ್ತಿನಲ್ಲಿ ನನ್ನ ಕೈಗೆ ಬಂದ ಐಗಳನ್ನೂ ಬೇರೆ ಬೇರೆ ಪುಡಿ ಪದಗಳಿಗೆ ಖರ್ಚು ಮಾಡಿದ್ದೆ.

ಹಾಗಾಗಿ ನಿಮ್ಮ ಇಂಗ್ಲಿಷ್ ಸಾಲದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಅವರ ನೆನಪಿನ ಶಕ್ತಿ ನಮಗಿಲ್ಲ, ಸರಿ. ಆದರೆ ಈ ಆಟಕ್ಕೆ ಬೇಕಾದ ಪದ ಬೇರೆ, ಮಾತಿಗೆ ಬೇಕಾದ ಪದ ಬೇರೆ ಅನ್ನುವುದಂತೂ ಗೊತ್ತಾಗುತ್ತದಲ್ಲ.

ನನ್ನ ಕೇಳಿದರೆ ಉದ್ದದ ಪದಗಳ ಪಟ್ಟಿಯನ್ನು ಮುಚ್ಚಿಡಿ. ಮೊದಲು ಎರಡಕ್ಷರದ ಪದ ಕಲಿಯಿರಿ. ಉತ್ತರ ಅಮೆರಿಕದ ಪಟ್ಟಿಯಲ್ಲಿ 107 ಇವೆ, ಕಾಲಿನ್ಸ್‌ನಲ್ಲಿ 127. ಅಷ್ಟೇ. ಎಕ್ಸ್ ನೋಡಿ, ಐದೂ ಸ್ವರದ ಜೊತೆ ಹೊಂದುತ್ತದೆ: ಎ, ಇ, ಓ ಆದರೆ ಎಕ್ಸ್ ಕೊನೆಗೆ ಬರುತ್ತದೆ, ಐ, ಯು ಆದರೆ ಎಕ್ಸ್ ಮೊದಲಿಗೆ ಬರುತ್ತದೆ. ಜೆಡ್ ಜೊತೆ ಎ, ಜೆ ಜೊತೆ ಓ ನಡೆಯುತ್ತದೆ. ವಿ ಮಾತ್ರ ಕಾಟದ್ದು, ಎರಡೂ ಪಟ್ಟಿಯಲ್ಲಿ ಅದಕ್ಕೆ ಎರಡಕ್ಷರದ ಪದವೇ ಇಲ್ಲ. ಅದನ್ನು ಸಿಕ್ಕ ಕೂಡಲೇ ಸಾಗಹಾಕಿ.

ಆಮೇಲೆ ಹುಡುಕುವಾಗ "ಶುರುವಾಗುವ" ಬೇಡ, "ಎಲ್ಲಾದರೂ ಇರುವ" ಅಂತ ಹಾಕಿ. ಕ್ಯೂ ಬೇಕು, ಯು ಬೇಡ ಅಂತಲೂ ಹಾಕಬಹುದು. ಬರುವ ಪಟ್ಟಿ ಪುಟ್ಟದು, ಅದರಲ್ಲೂ ಎಷ್ಟೋ ನಮಗೆ ಗೊತ್ತಿರುವ ಪದಗಳೇ. ಫಕೀರ, ನಿಖಾಬ್, ಎರಡನ್ನೂ ಇಂಗ್ಲಿಷ್‌ನಲ್ಲಿ ಕ್ಯೂ ಹಾಕಿ ಬರೆಯುವುದುಂಟು. ಯು ಬೇಡ ಅಂತ ಹಾಕದಿದ್ದರೆ ಸಿಗುವ ಎಸ್, ಯು, ಕ್ಯೂ ಅನ್ನುವ ಮೂರಕ್ಷರದ ಪದದಲ್ಲಂತೂ ಕ್ಯೂ ಕೊನೆಗೇ ಬರುತ್ತದೆ. ನನ್ನ ಹಳೆಯ ಪಟ್ಟಿಯಲ್ಲಿ ಇದು ಜನ್ಮದಲ್ಲೂ ಸಿಗುತ್ತಿರಲಿಲ್ಲ.

ಇನ್ನೊಂದು ವಿಷಯ, ನನಗೆ ಇದು ತುಂಬಾ ಇಷ್ಟ. ನೀವು ಅಡ್ಡಾದಿಡ್ಡಿ ಏಳು ಅಕ್ಷರ ಕೊಟ್ಟರೆ ಆಪ್ ಕ್ಷಣದಲ್ಲಿ ಪದ ಹೇಗೆ ಕೊಡುತ್ತದೆ? ಸಾಮಾನ್ಯವಾಗಿ ಮಾಡುವುದು ಇಷ್ಟು: ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಎ ಇಂದ ಜೆಡ್ ಕ್ರಮಕ್ಕೆ ಜೋಡಿಸಿ ಇಟ್ಟಿರುತ್ತಾರೆ. ನಿಮ್ಮ ಅಕ್ಷರಗಳನ್ನೂ ಹಾಗೇ ಜೋಡಿಸಿ ತಾಳೆ ನೋಡುತ್ತದೆ. ಇದನ್ನು ನೀವೂ ಮಾಡಬಹುದು. ರೆಟಿನಾ ಅನ್ನುವ ಪದದ ಆರು ಅಕ್ಷರ ತಗೊಳ್ಳಿ: ಎ, ಇ, ಐ, ಎನ್, ಆರ್, ಟಿ. ಇದಕ್ಕೆ ಜಿ ಸೇರಿದರೆ ಗ್ರಾನೈಟ್. ಪಿ ಸೇರಿದರೆ ಪೇಂಟರ್. ಸಿ ಸೇರಿದರೆ ಸರ್ಟನ್. ಡಿ ಸೇರಿದರೆ ಟ್ರೇನ್ಡ್. ಎಮ್ ಸೇರಿದರೆ ಮಿನರೆಟ್. ಒಂದೂ ಕಷ್ಟದ ಪದವಲ್ಲ, ಒಂದೊಂದಕ್ಕೂ ಆ 50 ಬೋನಸ್ ಸಿಗುತ್ತದೆ. ಇಂಥ ಆರಕ್ಷರದ ಗುಂಪು ನಾಲ್ಕೈದು ಕೈವಶವಾದರೆ ಕ್ವಿಕ್ಸಾಟಿಕ್ ಯಾರಿಗೆ ಬೇಕು ಹೇಳಿ. ಅಂದಹಾಗೆ, ಅದರಲ್ಲಿರುವುದು ಎಂಟು ಅಕ್ಷರ. ಏಳು ಬಿಲ್ಲೆ ಹಿಡಿದುಕೊಂಡು ನಾನು ಎಂಟಕ್ಷರದ ಪದ ಉರು ಹೊಡೆಯುತ್ತಿದ್ದೆ!

ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಬಗ್ಗೆಯೂ ಕೊನೆಗೆ ಕೇಳಿದ್ದೀರಿ. ಅದು ಬೇರೆಯೇ ಆಟ. ಅಲ್ಲಿ ಅಕ್ಷರ ಇದೆಯಾ ಅನ್ನುವುದರ ಜೊತೆ ಎಲ್ಲಿದೆ ಅನ್ನುವುದೂ ಮುಖ್ಯ, ಒಂದೇ ಅಕ್ಷರ ಎರಡು ಸಲ ಬರಬಹುದು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲ್ಲಿಂಗ್ ಬೀ ಆಡುವುದಾದರೆ, ಅಲ್ಲಿ ಕೊಟ್ಟ ಏಳು ಅಕ್ಷರಗಳಿಂದಲೇ ಪದ ಮಾಡಬೇಕು, ನಾಲ್ಕಕ್ಷರಕ್ಕಿಂತ ಚಿಕ್ಕ ಪದ ನಡೆಯುವುದೇ ಇಲ್ಲ, ಏಳರಲ್ಲಿ ನಡುವಿನ ಅಕ್ಷರ ಪ್ರತಿ ಪದದಲ್ಲೂ ಇರಲೇಬೇಕು. ಮೇಲೆ ಹೇಳಿದ ಎರಡಕ್ಷರದ ವಿದ್ಯೆ ಅಲ್ಲಿ ಉಪಯೋಗವಿಲ್ಲ.

ಆಪ್ ಯಾವುದು ಅಂದರೆ, ಯಾವುದಾದರೂ ಸರಿ, ದುಡ್ಡು ಕೊಟ್ಟು ಮಾತ್ರ ತಗೋಬೇಡಿ. ಒಂದೇ ನೋಡಿಕೊಳ್ಳಿ: ನೀವು ಆಡುವ ಆಟದ ಪದಪಟ್ಟಿಯನ್ನೇ ಅದು ಬಳಸುತ್ತದಾ ಅಂತ. ಕಾಲಿನ್ಸ್‌ನಲ್ಲಿ ನಡೆಯುವ ಎಷ್ಟೋ ಪದ ಉತ್ತರ ಅಮೆರಿಕದ ಪಟ್ಟಿಯಲ್ಲಿ ನಡೆಯುವುದಿಲ್ಲ, ಎದುರಾಳಿ ಪ್ರಶ್ನಿಸಿದರೆ ಬಿಲ್ಲೆ ವಾಪಸ್ ತೆಗೆದುಕೊಂಡು ಆ ಸರದಿ ಕಳೆದುಕೊಳ್ಳುತ್ತೀರಿ. ಆಡುವಾಗ ಆಪ್ ತೆರೆಯಬೇಡಿ, ಅದು ಮೋಸ. ಆಟ ಮುಗಿದ ಮೇಲೆ ಕೈಯಲ್ಲಿ ಸಿಕ್ಕಿಹಾಕಿಕೊಂಡ ಅಕ್ಷರಗಳನ್ನು ಹಾಕಿ ನೋಡಿ, ಕನಿಷ್ಠ ಉದ್ದ ಎರಡು ಅಂತ ಇಟ್ಟು, ಪಟ್ಟಿಯನ್ನು ಕೆಳಗಿನಿಂದ ಓದಿ.