ಆ ತಾಯಿಯ ಫೋನ್ ಎತ್ತಲಾಗುತ್ತಿಲ್ಲ

ಪ್ರಶ್ನೆ: ನನಗೆ 27 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಒಂದು ವರ್ಷದಿಂದ ಪ್ರತಿ ಭಾನುವಾರ ಇಲ್ಲಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಹೋಗಿ ಕತೆ ಹೇಳುತ್ತಿದ್ದೆ, ಚಿತ್ರ ಬಿಡಿಸುತ್ತಿದ್ದೆ. ಜಗಳೂರು ಕಡೆಯ ಏಳು ವರ್ಷದ ಹುಡುಗನೊಬ್ಬ ತುಂಬಾ ಹಚ್ಚಿಕೊಂಡ. ರಕ್ತದ ಕ್ಯಾನ್ಸರ್. ಅವನಮ್ಮ ಅತ್ತಾಗ 'ಹುಷಾರಾಗ್ತಾನೆ, ನಾನು ಗ್ಯಾರಂಟಿ' ಅಂದಿದ್ದೆ. ಈಗ ಕಾಯಿಲೆ ಮರುಕಳಿಸಿದೆ. ಮೂರು ಭಾನುವಾರದಿಂದ ಹೋಗಿಲ್ಲ. ಅವರು ನಾಲ್ಕು ಸಲ ಫೋನ್ ಮಾಡಿದರು, ಎತ್ತಲಿಲ್ಲ. ನಾವಿಬ್ಬರೂ ಅರ್ಧ ಬಿಡಿಸಿದ ರೈಲಿನ ಚಿತ್ರ ನನ್ನ ಬ್ಯಾಗಲ್ಲೇ ಇದೆ. ಹೋಗೋದನ್ನೇ ಬಿಟ್ಟುಬಿಡಲಾ?

ಉತ್ತರ: ನಿಮಗೆ ಕಷ್ಟವಾಗುತ್ತಿರುವುದು ಆ ಹುಡುಗನ ಮುಖ ನೋಡೋಕಲ್ಲ, ಅವನಮ್ಮನ ಮುಖ ನೋಡೋಕೆ. ಆ 'ಗ್ಯಾರಂಟಿ' ಗಂಟಲಲ್ಲಿ ಸಿಕ್ಕಿಕೊಂಡಿದೆ, ಅಲ್ವಾ?

ಡಾಕ್ಟರೇ ಆ ಮಾತು ಆಡುವುದಿಲ್ಲ. ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ನಡೆಯುತ್ತದೆ. ಮರುಕಳಿಸಿದರೆ ಎಲ್ಲ ಮುಗೀತು ಅಂತಲೂ ಅಲ್ಲ. ಮತ್ತೆ ಕೀಮೋ ಕೊಡುತ್ತಾರೆ, ಕೆಲವರಿಗೆ ಅಸ್ಥಿಮಜ್ಜೆ ಕಸಿ ಮಾಡುತ್ತಾರೆ. ಈ ಹುಡುಗನಿಗೆ ಏನು ಅನ್ನೋದು ಡಾಕ್ಟರ ಬಾಯಿಂದಲೇ ಬರಲಿ.

ನಾಲ್ಕು ಸಲ ಯಾಕೆ ಫೋನ್ ಬಂತು ಅಂತ ಯೋಚಿಸಿದಿರಾ? ಬೈಯೋಕೆ ಅಂದುಕೊಂಡಿದ್ದೀರಿ. ಪ್ಲೇಟ್‌ಲೆಟ್ ಬೇಕಾಗಿತ್ತೇನೋ. ಅದನ್ನು ಐದಾರು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳೋಕೆ ಆಗಲ್ಲ, ಹಾಗಾಗಿ ಇಂಥ ಮಕ್ಕಳಿಗೆ ಮೇಲಿಂದ ಮೇಲೆ ದಾನಿಗಳನ್ನು ಹುಡುಕಬೇಕು. ಇಲ್ಲವೇ ಹುಡುಗ ಸುಮ್ನೆ 'ಅಣ್ಣ ಯಾಕೆ ಬರ್ಲಿಲ್ಲ' ಅಂತ ಹಠ ಹಿಡಿದಿರಬಹುದು.

ಹಿಂದೆ ನಾನೂ ಹೀಗೆ ವಾರ್ಡಿಗೆ ಹೋಗುತ್ತಿದ್ದೆ. ದೊಡ್ಡ ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗುವ ಕಾಲ ಅದು. ಒಬ್ಬ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: 'ಅರ್ಧ ಗಂಟೆ ಇವನ ಹತ್ರ ಕೂತಿರ್ತೀರಾ? ತಲೆಗೆ ನೀರು ಹಾಕ್ಕೊಂಡು ಎಂಟು ದಿನ ಆಯ್ತು.' ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ವಾಪಸ್ ಬಂದು ಟೀ ಕುಡಿದರು. ನಾನು ಜೋಡಿಸಿಕೊಂಡು ಹೋಗಿದ್ದ ಒಂದು ಮಾತೂ ಬೇಕಾಗಲಿಲ್ಲ.

ಫೋನ್ ಮಾಡಿ. 'ಅಕ್ಕಾ, ಸುದ್ದಿ ಕೇಳಿ ಹೆದರಿಬಿಟ್ಟೆ, ಅದಕ್ಕೇ ಫೋನ್ ಎತ್ತಲಿಲ್ಲ. ಗ್ಯಾರಂಟಿ ಅಂತ ನಾನು ಹೇಳಬಾರದಾಗಿತ್ತು. ಭಾನುವಾರ ಬರಲಾ?' ಅನ್ನಿ. ನೆಪ ಹೇಳಬೇಡಿ, ಆಡಿಟ್ ಇತ್ತು ಗೀಡಿಟ್ ಇತ್ತು ಅಂತ.

ಹೋಗುವ ಮುಂಚೆ ವಾರ್ಡಿನ ಸಿಸ್ಟರನ್ನು ಕೇಳಿಕೊಳ್ಳಿ. ಕೀಮೋ ನಡೆಯುವಾಗ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಹುಡುಗ ಆಸೆಪಟ್ಟ ಅಂತ ಖಾರ ಮಂಡಕ್ಕಿ ಪೊಟ್ಟಣ ಒಯ್ಯಬೇಡಿ, ಅದರ ಮೇಲಿನ ಹಸಿ ಈರುಳ್ಳಿ, ಕೊತ್ತಂಬರಿಯೂ ಅವನಿಗೆ ಅಪಾಯ. ನಿಮಗೇ ನೆಗಡಿ ಇದ್ದರೆ ಆ ವಾರ ಬೇಡ, ಆದರೆ ಬರಲ್ಲ ಅಂತ ತಿಳಿಸಿ.

ಒಳಗೆ ಹೋಗಿ ಏನು ಮಾತಾಡಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ರೈಲಿಗೆ ಇನ್ನೂ ಡಬ್ಬಿ ಬಿಡಿಸೋದು ಬಾಕಿ ಇದೆಯಲ್ಲ. ಅವನೇ 'ನಾನು ಸತ್ತುಹೋಗ್ತೀನಾ ಅಣ್ಣ' ಅಂತ ಕೇಳಿದರೆ 'ಛೇ ಬಿಡ್ತು ಅನ್ನು' ಅಂತ ಬಾಯಿ ಮುಚ್ಚಿಸಬೇಡಿ. 'ಯಾಕೋ ಹಾಗನ್ನಿಸ್ತು?' ಅಂತ ಕೇಳಿ, ಅವನು ಹೇಳಿದ್ದನ್ನು ಅವನಮ್ಮನಿಗೂ ಸಿಸ್ಟರಿಗೂ ತಿಳಿಸಿ.

ಇದಾದ ಮೇಲೂ ಆಗಲ್ಲ ಅನ್ನಿಸಿದರೆ ಬಿಡಿ, ನಾನೇನೂ ಅನ್ನಲ್ಲ. ಎಲ್ಲರಿಗೂ ಆಗುವ ಕೆಲಸ ಅಲ್ಲ ಅದು. ಆದರೆ ಹುಡುಗನ ಮುಂದೆ ಕೂತು ಹೇಳಿ, ಆಮೇಲೆ ಬಿಡಿ.

ಫೋನ್ ಸಂಜೆ ರೌಂಡ್ಸ್ ಮುಗಿದ ಮೇಲೆ ಮಾಡಿ, ಆಗ ಅವರಿಗೂ ಸ್ವಲ್ಪ ಪುರುಸೊತ್ತಿರುತ್ತೆ.