ರೆಡಿಸ್ 7.4ರ ಡಂಪ್ ಫೈಲನ್ನು ವಾಲ್ಕೀ 8 ತೆರೆಯುತ್ತಿಲ್ಲ, ‘ಆರ್‌ಡಿಬಿ ಫಾರ್ಮ್ಯಾಟ್ 12’ ಎಂದು ನಿಲ್ಲುತ್ತದೆ – ಪ್ರತಿಕ್ರಿಯೆ

ಫೈಲ್ ಹಾಳಾಗಿಲ್ಲ, ಇದು ಲೈಸೆನ್ಸ್ ಜಗಳದ ಬಾಲ. ರೆಡಿಸ್ ಎಂದರೆ ಮೆಮೊರಿಯಲ್ಲೇ ಡೇಟಾ ಇಡುವ ಡೇಟಾಬೇಸ್, ವಾಲ್ಕೀ ಅದರದೇ ಮುಕ್ತ ಕವಲು; ಆರ್‌ಡಿಬಿ ಎಂದರೆ ಡೇಟಾದ ಆ ಕ್ಷಣದ ಪ್ರತಿಯನ್ನು ಡಂಪ್ ಫೈಲಿಗೆ ಬರೆಯುವ ರೂಪ. 2024ರ ಮಾರ್ಚ್‌ನಲ್ಲಿ ರೆಡಿಸ್ ಕಂಪನಿ ಬಿಎಸ್‌ಡಿ ಎಂಬ ಮುಕ್ತ ಲೈಸೆನ್ಸ್ ಕೈಬಿಟ್ಟಾಗ ವಾಲ್ಕೀ ಕವಲೊಡೆದದ್ದು 7.2.4ರಿಂದ. ವಾಲ್ಕೀ 8 ಓದುವುದು ಫಾರ್ಮ್ಯಾಟ್ 11ರವರೆಗೆ, 7.4 ಬರೆಯುವುದು 12. ವಾಲ್ಕೀಯನ್ನು ರೆಡಿಸ್‌ನ ರೆಪ್ಲಿಕಾ (ನಕಲು ಸರ್ವರ್) ಮಾಡಿದರೂ, ಡಂಪ್-ರಿಸ್ಟೋರ್ ಆಜ್ಞೆ ಕೊಟ್ಟರೂ ಇದೇ ಗೋಡೆಗೆ ಡಿಕ್ಕಿ.

ದಾರಿ ಎಒಎಫ್, ಅಂದರೆ ಡೇಟಾ ಬರೆದ ಆಜ್ಞೆಗಳನ್ನೇ ಸಾಲಾಗಿ ದಾಖಲಿಸುವ ಫೈಲ್. ಮೊದಲು ಆ್ಯಪ್‌ಗಳ ಬರಹ ನಿಲ್ಲಿಸಿ. ರೆಡಿಸ್‌ನಲ್ಲಿ ‘ಎಒಎಫ್-ಯೂಸ್-ಆರ್‌ಡಿಬಿ-ಪ್ರಿಯಾಂಬಲ್’ ಅನ್ನು ‘ನೋ’ ಮಾಡಿ, ಆಮೇಲೆ ‘ಅಪೆಂಡ್‌ಓನ್ಲಿ’ಯನ್ನು ‘ಯೆಸ್’ ಮಾಡಿ. ಈ ಕ್ರಮ ತಪ್ಪಿದರೆ ಬೇಸ್ ಫೈಲ್ ಮತ್ತೆ ಆರ್‌ಡಿಬಿಯೇ ಆಗುತ್ತದೆ. ಅಪೆಂಡ್‌ಓನ್ಲಿ ಮೊದಲೇ ಆನ್ ಇದ್ದರೆ ಎಒಎಫನ್ನು ಹೊಸದಾಗಿ ಬರೆಸುವ ಬಿಜಿರಿರೈಟ್‌ಎಒಎಫ್ ಆಜ್ಞೆ ಕೊಡಿ. ರಿರೈಟ್ ಮುಗಿದದ್ದನ್ನು ‘ಇನ್ಫೋ ಪರ್ಸಿಸ್ಟೆನ್ಸ್’ನಲ್ಲಿ ನೋಡಿ, ಅಪೆಂಡ್‌ಓನ್ಲಿ ಡೈರೆಕ್ಟರಿಯ ಬೇಸ್ ಫೈಲ್, ನಂತರ ಇನ್‌ಕ್ರಿಮೆಂಟಲ್ ಫೈಲ್, ಹೀಗೆ ಒಂದಾದ ಮೇಲೊಂದನ್ನು ವಾಲ್ಕೀಯ ಕಮಾಂಡ್ ಲೈನ್ ಸಾಧನ ವಾಲ್ಕೀ-ಸಿಎಲ್‌ಐನ ಪೈಪ್ ಮೋಡ್‌ಗೆ ಸುರಿಯಿರಿ. ಕೊನೆಗೆ ‘ಎರರ್ಸ್: 0’ ಕಾಣಬೇಕು.

ಹ್ಯಾಶ್‌ನ (ಒಂದೇ ಕೀ ಕೆಳಗೆ ಹಲವು ಫೀಲ್ಡ್ ಇಡುವ ರಚನೆ) ಒಂದೊಂದು ಫೀಲ್ಡಿಗೂ ಎಕ್ಸ್‌ಪೈರಿ (ತಾನಾಗಿ ಅಳಿಯುವ ಅವಧಿ) ಇಟ್ಟಿದ್ದೀರೋ ಎಂದು ನೀವು ಬರೆದಿಲ್ಲ. ಇಟ್ಟಿದ್ದರೆ ಆ ಆಜ್ಞೆಗಳು ವಾಲ್ಕೀ 8ರಲ್ಲಿಲ್ಲ, 9ಕ್ಕೇ ಹೋಗಿ.

ಅಂದ ಹಾಗೆ, ತಕರಾರು ಬರೀ ಲೈಸೆನ್ಸಿನದಾದರೆ 2025ರ ರೆಡಿಸ್ 8ರಲ್ಲಿ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಆಯ್ಕೆಯೂ ಇದೆ. ಎಜಿಪಿಎಲ್ ನಿಮ್ಮ ಕಂಪನಿಗೆ ಒಪ್ಪಿಗೆಯೇ ಎಂದು ಕೇಳಿಕೊಂಡೇ ಡೇಟಾ ಸಾಗಿಸಿ.